ಬಿ.ಪಿ. ಪಟ್ಟಿ ಮತ್ತು ಖಾಲಿ ಕುರ್ಚಿ

ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ಹಲವು ವರ್ಷಗಳ ಖಿನ್ನತೆಗೆ ಯಾವ ಮಾತ್ರೆಯೂ ನಾಟದ ಕಾರಣ, ವೈದ್ಯರ ಸಲಹೆಯ ಮೇರೆಗೆ ಅವರು ಕೆಟಮಿನ್ ಎಂಬ ಅರಿವಳಿಕೆ ಔಷಧದ ಡ್ರಿಪ್ ಚಿಕಿತ್ಸೆ ಆರಂಭಿಸಿದರು. ಮೊದಲ ಎರಡು ಸಲ ಹಗುರವಾಗಿಯೇ ಕಳೆಯಿತು. ಮೂರನೆಯ ಸಲ ದೇಹವೇ ಇಲ್ಲವೆನ್ನಿಸಿತು. ತಾವು ಸತ್ತಿದ್ದೇವೆಂದು ನಂಬಿದರು. ಯಾರೋ ಎಡತೋಳನ್ನು ಹಿಡಿದು ಹಿಸುಕುವುದು, ಬಿಡುವುದು, ಮತ್ತೆ ಹಿಸುಕುವುದು ನಡೆದೇ ಇತ್ತು. ಕೂಗಲು ದನಿ ಏಳಲಿಲ್ಲ, ಕೋಣೆಯಲ್ಲಿ ಯಾರೂ ಇರಲಿಲ್ಲ. “ನೀವು ಶರಣಾಗದೆ ಸೆಣಸಿದಿರಿ, ಅದಕ್ಕೇ ಹೀಗಾಯಿತು” ಎಂದು ಅನುಭವಸ್ಥರೊಬ್ಬರು ಆಮೇಲೆ ಹೇಳಿದರಂತೆ. ತಪ್ಪು ನನ್ನದೇ, ನಾಲ್ಕನೆಯದಕ್ಕೆ ಹೋಗಲೇ ಬಿಡಲೇ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ತಪ್ಪು ನಿಮ್ಮದಲ್ಲ. ಈ ಅಂಕಣದ ಉತ್ತರಗಳು ಮುಗಿಯುವುದೇ ಇಲ್ಲವೆಂಬ ದೂರು ಹಳೆಯದು. ಆದ್ದರಿಂದ ಮುಖ್ಯವಾದುದನ್ನು ಮೊದಲ ಸಾಲಿನಲ್ಲೇ ಹೇಳಿ ಮುಂದುವರಿಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎಡತೋಳಿನ ಮಾತು. ಕೆಟಮಿನ್ ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಏರಿಸುತ್ತದೆಯಾದ್ದರಿಂದ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿರುತ್ತಾರೆ, ಯಂತ್ರವು ಕೆಲವು ನಿಮಿಷಗಳಿಗೊಮ್ಮೆ ತಾನಾಗಿ ಅದಕ್ಕೆ ಗಾಳಿ ತುಂಬುತ್ತದೆ. ಎಚ್ಚರವಿರುವವನಿಗೆ ಅದು ಲೆಕ್ಕಕ್ಕಿಲ್ಲ. ಆದರೆ ತನ್ನ ತೋಳು ತನ್ನದೆಂಬ ಅರಿವೇ ಕಳಚಿಹೋದವನಿಗೆ ಆ ಬಿಗಿತ ಯಾರದೋ ಹಿಡಿತವಾಗಿ ಕಂಡರೆ ಆಶ್ಚರ್ಯವೇನು? ನಿಮ್ಮನ್ನು ಹಿಸುಕುತ್ತಿದ್ದುದು ಆ ಪಟ್ಟಿಯೇ ಇರಬೇಕೆಂದು ನನ್ನ ಊಹೆ. “ನಡುನಡುವೆ ಇದು ಬಿಗಿಯುತ್ತದೆ, ಇದು ಪಟ್ಟಿ ಮಾತ್ರ” ಎಂದು ಸೂಜಿ ಚುಚ್ಚುವ ಮುನ್ನ ಒಬ್ಬರು ಹೇಳಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತಿತ್ತು. ಪೂರ್ವಸಿದ್ಧತೆ ಎಂದರೆ ಧ್ಯಾನ, ಸಂಕಲ್ಪ ಎಂದೆಲ್ಲ ದೊಡ್ಡ ಮಾತಾಡುವವರಿದ್ದಾರೆ; ನನ್ನ ಮಟ್ಟಿಗೆ ಅದು ಈ ಒಂದು ವಾಕ್ಯದಿಂದ ಶುರುವಾಗಬೇಕು.

ಇದೇನೂ ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ತಯಾರಿಸಿದ ಈ ಔಷಧವನ್ನು 1964ರಲ್ಲಿ ಮೊದಲ ಸಲ ಮನುಷ್ಯರಿಗೆ ಕೊಟ್ಟು ನೋಡಿದ ಎಡ್ವರ್ಡ್ ಡೊಮಿನೊ, ದೇಹದಿಂದ ಮನಸ್ಸು ಬೇರ್ಪಟ್ಟಂಥ ಆ ವಿಚಿತ್ರ ಸ್ಥಿತಿಗೆ ಹೆಸರು ಹುಡುಕುತ್ತಿದ್ದಾಗ, ‘ಡಿಸೋಸಿಯೇಟಿವ್’ ಎಂಬ ಪದವನ್ನು ಸೂಚಿಸಿದ್ದು ಅವರ ಪತ್ನಿ. 1970ರಲ್ಲಿ ಅಮೆರಿಕದಲ್ಲಿ ಅರಿವಳಿಕೆಯಾಗಿ ಅದಕ್ಕೆ ಮಂಜೂರಾತಿ ದೊರೆಯಿತು. ಎಚ್ಚರವಾಗುವ ಹೊತ್ತಿನಲ್ಲಿ ನೂರಕ್ಕೆ ಸುಮಾರು 12 ರೋಗಿಗಳು ಭ್ರಮೆ, ಗೊಂದಲ, ದಿಗಿಲುಗಳಿಗೆ ಒಳಗಾಗುತ್ತಾರೆಂದೂ, ಆಗ ಮಾತು, ಸ್ಪರ್ಶ, ಬೆಳಕುಗಳನ್ನು ಆದಷ್ಟು ತಗ್ಗಿಸಬೇಕೆಂದೂ ಔಷಧದ ವಿವರಪತ್ರವೇ ಹೇಳುತ್ತದೆ. 2000ದಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬೆರಳೆಣಿಕೆಯ ಖಿನ್ನತೆಯ ರೋಗಿಗಳಿಗೆ ಕಿಲೋ ತೂಕಕ್ಕೆ 0.5 ಮಿಲಿಗ್ರಾಂನಂತೆ 40 ನಿಮಿಷಗಳ ಡ್ರಿಪ್ ಕೊಟ್ಟರು. ಇಂದಿಗೂ ಹೆಚ್ಚಿನ ಕಡೆ ನಡೆಯುತ್ತಿರುವುದು ಅದೇ ಲೆಕ್ಕ. ಔಷಧವೇನೋ ಆಪರೇಷನ್ ಕೋಣೆಯಿಂದ ಮನೋವೈದ್ಯರ ಕೋಣೆಗೆ ಬಂತು. ಎಚ್ಚರಗೊಳ್ಳುವ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕೆಂಬ ಅರಿವಳಿಕೆ ತಜ್ಞರ ಪಾಠ ಎಷ್ಟೋ ಕಡೆ ಅದರ ಜೊತೆಗೆ ಬರಲಿಲ್ಲ.

ಅನುಭವವೆಲ್ಲ ಬರೀ ಅಡ್ಡಪರಿಣಾಮ, ಕೆಲಸ ಮಾಡುವುದು ಮಿದುಳಿನ ಎನ್‌ಎಂಡಿಎ ಗ್ರಾಹಕಗಳ (ನರಕೋಶಗಳು ಸಂದೇಶ ಹಿಡಿಯುವ ತಾಣಗಳ) ಮೇಲೆ ಔಷಧವು ಒಡ್ಡುವ ತಡೆ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. 2006ರ ಒಂದು ಅಧ್ಯಯನದಲ್ಲಿ 18 ರೋಗಿಗಳ ಪೈಕಿ ಹೆಚ್ಚಿನವರು ಒಂದೇ ದಿನದಲ್ಲಿ ಚೇತರಿಕೆ ಕಂಡರು. ಆದರೆ 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ ಪ್ರಯೋಗವನ್ನು ಈ ವಾದದವರು ಒಮ್ಮೆ ನಿಧಾನವಾಗಿ ಓದಬೇಕು. ಶಸ್ತ್ರಚಿಕಿತ್ಸೆಗೆಂದು ಪೂರ್ಣ ಅರಿವಳಿಕೆಯಲ್ಲಿದ್ದ 40 ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ಕೆಟಮಿನ್, ಉಳಿದವರಿಗೆ ಬರೀ ಉಪ್ಪುನೀರು ಹೋಯಿತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದರು. ಸಣ್ಣ ಪ್ರಯೋಗ, ನಾನಾ ಅರ್ಥಗಳಿಗೆ ಎಡೆಯಿದೆ. ನನಗೆ ಅದರಲ್ಲಿ ಕಾಣುವುದಿಷ್ಟು: ನಿರೀಕ್ಷೆ, ನಂಬಿಕೆ, ಯಾರೋ ನನ್ನ ಬಗ್ಗೆ ಗಮನವಿಟ್ಟಿದ್ದಾರೆಂಬ ನೆಮ್ಮದಿ ಇವನ್ನು ಲೆಕ್ಕದಿಂದ ಹೊರಗಿಟ್ಟು ಈ ಚಿಕಿತ್ಸೆಯ ಬಗ್ಗೆ ಮಾತಾಡಲಾಗದು.

ಹಾಗೆಂದು ಶರಣಾಗತಿಯನ್ನು ಬೋಧಿಸುವವರ ಪಾಳೆಯಕ್ಕೂ ನಾನು ಸೇರಿದವನಲ್ಲ. ಸೆಣಸದೆ ಹರಿಯಲು ಬಿಟ್ಟರೆ ಸಲೀಸೆಂಬುದು ನಿಜ. ಆದರೆ ಮುಳುಗುತ್ತಿರುವವನಿಗೆ ದಡದಿಂದ “ಕೈಕಾಲು ಬಡಿಯಬೇಡ” ಎಂದು ಕೂಗಿ, ಆಮೇಲೆ ಬಡಿದದ್ದಕ್ಕೆ ಬೈಯುವುದು ಯಾವ ನ್ಯಾಯ? ಕಠಿಣವಾದಷ್ಟೂ ಗುಣ ಹೆಚ್ಚೆಂಬ ಇನ್ನೊಂದು ಮಾತನ್ನೂ ನಂಬಬೇಡಿ. ಕಳಚಿಕೊಂಡ ಅನುಭವದ ತೀವ್ರತೆಗೂ ಚೇತರಿಕೆಗೂ ನಂಟಿದೆಯೇ ಎಂಬ ಬಗ್ಗೆ ಅಧ್ಯಯನಗಳೇ ಒಮ್ಮತಕ್ಕೆ ಬಂದಿಲ್ಲ.

ವರ್ಷಗಳ ಹಿಂದೆ ಇದೇ ಡ್ರಿಪ್ ಪಡೆಯುತ್ತಿದ್ದ ಗೆಳೆಯನೊಬ್ಬನ ಪಕ್ಕದ ಕುರ್ಚಿಯಲ್ಲಿ ನಾನೇ ಕುಳಿತಿದ್ದೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಅವನ ಬಲಗೈ ಹೊದಿಕೆಯ ಅಂಚಿನ ಹೊಲಿಗೆಯ ಗುಂಟ ತಡಕುತ್ತ ಮೂಲೆಯವರೆಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಿರುಗತೊಡಗಿತು. ಬೆರಳಿನಿಂದ ಎರಡು ಸಲ ತಟ್ಟಿದರೆ ಕೈ ಹಿಡಿಯಬೇಕು, ಮಾತಾಡಬಾರದು ಎಂದು ಮೊದಲೇ ಒಪ್ಪಂದವಾಗಿತ್ತು. ತಟ್ಟಿದ. ಹಿಡಿದೆ. ಅಷ್ಟಕ್ಕೇ ಸುಮ್ಮನಿರಲಾರದೆ “ಹೆದರಬೇಡ” ಎಂದೂ ಅಂದೆ. “ಕೈ ಚೆನ್ನಾಗಿತ್ತು ಮಾರಾಯ, ನೀನು ಹೆದರಬೇಡ ಎಂದಾಗಲೇ ಅಲ್ಲಿ ಹೆದರುವಂಥದ್ದೇನೋ ಇದೆಯೆಂದು ಗೊತ್ತಾದದ್ದು” ಎಂದು ಸಂಜೆ ಅವನು ನಕ್ಕ. ಸಂಪಾದಕನಾಗಿ ಬೇರೆಯವರ ಬರಹದಲ್ಲಿ ಎಷ್ಟೋ ಪದಗಳನ್ನು ಹೊಡೆದುಹಾಕಿದ್ದೇನೆ, ಅಂದು ನನ್ನದೊಂದನ್ನು ಹೊಡೆದುಹಾಕುವ ಬುದ್ಧಿ ಬರಲಿಲ್ಲ.

ಈಗ ನಿಮ್ಮನ್ನೂ ಕೊಂಚ ಗದರಬೇಕು. ಡ್ರಿಪ್ ಮುಗಿದ ಮೇಲೆ ನರ್ಸ್ ಕೇಳಿದಾಗ “ಪರವಾಗಿಲ್ಲ” ಎಂದು ಹೇಳಿ ಮನೆಗೆ ಹೋದೆನೆಂದು ಬರೆದಿದ್ದೀರಿ. ಸಂಕೋಚಕ್ಕೂ ಒಂದು ಮಿತಿ ಬೇಡವೇ? ನಿಮ್ಮ ವೈದ್ಯರಿಗೆ ಗೊತ್ತಿರುವುದು ಆ “ಪರವಾಗಿಲ್ಲ” ಮಾತ್ರ. ಹೋಗಬೇಕೋ ಬಿಡಬೇಕೋ ಎಂಬುದನ್ನು ನನ್ನನ್ನು ಕೇಳುವ ಮೊದಲು ಈ ಪತ್ರವನ್ನು ಹಾಗೆಯೇ ಅವರ ಮುಂದಿಡಿ. ಡೋಸ್ ತಗ್ಗಿಸಬಹುದು, ಹನಿಯ ವೇಗ ಇಳಿಸಬಹುದು, ತೀರಾ ಕಷ್ಟವಾದರೆ ನಿಲ್ಲಿಸಿಬಿಡಬಹುದು. ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಅಮಲು ಇಳಿಯತೊಡಗುವುದು ಡ್ರಿಪ್‌ನ ದೊಡ್ಡ ಅನುಕೂಲ. ನಿಲ್ಲಿಸಬಹುದೆಂದು ಗೊತ್ತಿರುವುದೇ ಎಷ್ಟೋ ಜನರಿಗೆ ಸಾಕಾಗುತ್ತದೆ. ಬಿ.ಪಿ., ಹೃದಯದ ತೊಂದರೆ, ಹಿಂದೆಂದಾದರೂ ಆದ ಚಿತ್ತವಿಕಲತೆ, ಮೂತ್ರಕೋಶದ ಉರಿ ಯಾವುದನ್ನೂ ಮುಚ್ಚಿಡಬೇಡಿ, ದಿನನಿತ್ಯದ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಬಿಡಲೂ ಬೇಡಿ.

ನಾಲ್ಕನೆಯದಕ್ಕೆ ಹೋಗುವುದಾದರೆ ಪದಗಳಿಲ್ಲದ ಸಂಗೀತವಿರಲಿ, ಅದನ್ನು ಹಿಂದಿನ ದಿನವೇ ಒಮ್ಮೆ ಕೇಳಿರಿ. ಕಣ್ಣುಪಟ್ಟಿಯನ್ನು ಬೇಡವೆನಿಸಿದಾಗ ತೆಗೆಯಬಹುದೆಂಬುದನ್ನು ಮರೆಯಬೇಡಿ. ಕಣ್ಣು ತೆರೆದು ಕಿಟಕಿಯ ಚೌಕಟ್ಟನ್ನೋ ಗೋಡೆಯ ಗಡಿಯಾರವನ್ನೋ ನೋಡಿ, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ದೇಹ ಇದೆಯೋ ಇಲ್ಲವೋ ಎಂದು ಪದೇಪದೇ ಪರೀಕ್ಷಿಸಿದಷ್ಟೂ ದಿಗಿಲು ಹೆಚ್ಚುತ್ತದೆ. “ಇದು ಔಷಧ, ಇಳಿಯುತ್ತದೆ” ಎಂಬ ಮಾತನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಹೊಸ ಮಾತು ಹೊಳೆಯುವುದಿಲ್ಲ. ಮುಗಿದ ಮೇಲೆ, ಒಂದು ರಾತ್ರಿ ನಿದ್ದೆಯಾಗುವವರೆಗೆ ವಾಹನ ಓಡಿಸಬೇಡಿ, ದೊಡ್ಡ ನಿರ್ಧಾರಗಳನ್ನು ಕೈಗೊಳ್ಳಬೇಡಿ. ಕಂಡದ್ದನ್ನು ಅರ್ಥ ಹುಡುಕದೆ ಬರೆದಿಟ್ಟು, ನಂತರ ಚಿಕಿತ್ಸಕರೊಡನೆ ಮಾತಾಡಿ. ಭಯ ದಿನಗಟ್ಟಲೆ ಬಿಡದಿದ್ದರೆ ಅಥವಾ ಸಾಯುವ ಯೋಚನೆ ಬಂದರೆ ಮುಂದಿನ ಸರದಿಗಾಗಿ ಕಾಯದೆ ಆ ಕ್ಷಣವೇ ವೈದ್ಯರನ್ನು ಸಂಪರ್ಕಿಸಿ.

ನಿಮ್ಮ ಪಕ್ಕದಲ್ಲಿ ಖಾಲಿಯಿದ್ದ ಕುರ್ಚಿಯ ವಿಷಯ ಕೊನೆಗಿಟ್ಟಿದ್ದೆ, ಏಕೆಂದರೆ ಅದನ್ನು ಹೇಳಲು ಹೊರಟರೆ ನನಗೆ ಸಿಟ್ಟು ಬರುತ್ತದೆ. 2019ರಲ್ಲಿ ಕೆಟಮಿನ್‌ನದೇ ಒಂದು ರೂಪವಾದ, ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಂಜೂರಾತಿ ಕೊಟ್ಟಾಗ, ಪ್ರತಿ ಸಲವೂ ಕನಿಷ್ಠ ಎರಡು ಗಂಟೆ ರೋಗಿಯ ಮೇಲೆ ನಿಗಾ ಇರಬೇಕೆಂದು ವಿಧಿಸಿತು. ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲೇ ಕೆಟಮಿನ್ ಸೇವಿಸುವುದು ಅಪಾಯವೆಂದು 2023ರಲ್ಲಿ ಎಚ್ಚರಿಸಿತು. ಸರಿಯೇ. ಆದರೆ ನಿಗಾ ಎಂದರೆ ಬಾಗಿಲ ಸಂದಿಯಿಂದ ಯಂತ್ರದ ಅಂಕಿ ನೋಡಿ ಹೋಗುವುದೆಂದು ತಿಳಿದವರಿಗೆ ಏನು ಹೇಳುವುದು? ಹನಿಗಳನ್ನು ಎಣಿಸುತ್ತಾರೆ, ನಿಮಿಷಗಳನ್ನು ಎಣಿಸುತ್ತಾರೆ, ಪಕ್ಕದಲ್ಲಿ ಕುಳಿತ ಹೊತ್ತಿಗೆ ಬಿಲ್ಲಿನಲ್ಲಿ ಕಲಮು ಇಲ್ಲವಾದ್ದರಿಂದ ಆ ಹೊತ್ತೇ ಇಲ್ಲವಾಗುತ್ತದೆ. ಒಪ್ಪಿಗೆ ಪತ್ರದ ಎಂಟು ಪುಟಗಳಿಗೆ ನಿಮ್ಮಿಂದ ಸಹಿ ಹಾಕಿಸಿಕೊಂಡರೆಂದು ಬರೆದಿದ್ದೀರಿ. ಪಟ್ಟಿ ಬಿಗಿಯುತ್ತದೆಂಬ ಮಾತು ಅದರಲ್ಲಿತ್ತೇ?

ನೀವು ಹೋಗುವುದೇ ನಿಶ್ಚಯವಾದರೆ, ಯಾರು ಕುಳಿತಿರುತ್ತಾರೆ, ಎಷ್ಟು ಹೊತ್ತು, ಕೈ ಹಿಡಿಯಬಹುದೇ ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸೂಜಿಗೆ ತೋಳು ಚಾಚುವ ಮುನ್ನ ಕೇಳಿ. ಉತ್ತರವನ್ನು ನನಗೂ ಬರೆದು ತಿಳಿಸಿ. ಹೆಸರು ಈ ಸಲವೂ ಬೇಡ.

— ಸಂಪಾದಕ