ದಟ್ಟ ಅಂದರೆ ಎಷ್ಟು?

ನಮಸ್ಕಾರ.

ನಿಮ್ಮ ‘ಹಸಿರಿನ ಮಡಿಲಲ್ಲಿ’ ಲೇಖನ ತಲುಪಿತು. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಂದ ಶುರುಮಾಡಿ, ಘಟ್ಟ ಹತ್ತಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೊಕ್ಕು, ಕೊನೆಗೆ ರಾಣೆಬೆನ್ನೂರಿನ ಕುರುಚಲು ಕಾಡಿನವರೆಗೆ ಹೋಗಿದ್ದೀರಿ. ಯೋಚನೆ ಒಳ್ಳೆಯದು. ಭಾಷೆ ಸಲೀಸಾಗಿದೆ, ಫೋಟೋಗಳು ಚೆನ್ನಾಗಿವೆ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದೆ. ಮೂರನೇ ಸಲ ಸಿಟ್ಟು ಬಂತು.

ಕತ್ತಲೆಕಾನಿನ ಭಾಗವನ್ನೇ ತಗೊಳ್ಳೋಣ. ನಿಮ್ಮ ಮೊದಲ ವಾಕ್ಯ: ‘ಒಳಗೆ ಕಾಲಿಟ್ಟೊಡನೆ ದಟ್ಟ ಅರಣ್ಯ ನಮ್ಮನ್ನು ಸ್ವಾಗತಿಸಿತು.’ ಕಾಡು ಯಾರನ್ನೂ ಸ್ವಾಗತಿಸಲ್ಲ, ಅದಿರಲಿ. ಈ ‘ದಟ್ಟ’ ಲೇಖನದಲ್ಲಿ 17 ಸಲ ಬಂದಿದೆ. ದಟ್ಟ ಕಾಡು, ದಟ್ಟ ಹಸಿರು, ದಟ್ಟ ಪೊದೆ, ದಟ್ಟ ಮೌನ. ಭಾರತೀಯ ಅರಣ್ಯ ಸರ್ವೇಕ್ಷಣೆಯವರಿಗೆ ಈ ಮಾತಿಗೊಂದು ಲೆಕ್ಕವಿದೆ. ಮರಗಳ ಚಾವಣಿ ನೂರಕ್ಕೆ 70 ಮತ್ತು ಅದಕ್ಕೂ ಜಾಸ್ತಿ ನೆಲ ಮುಚ್ಚಿದ್ದರೆ ಅತಿ ದಟ್ಟ, 40ರಿಂದ 70ರೊಳಗಿದ್ದರೆ ಸಾಧಾರಣ ದಟ್ಟ, 10ರಿಂದ 40ರೊಳಗಿದ್ದರೆ ತೆರೆದ ಕಾಡು, 10ಕ್ಕಿಂತ ಕಮ್ಮಿ ಇದ್ದರೆ ಕುರುಚಲು. ಆದರೆ ಅದು ಎಷ್ಟು ನೆರಳಿದೆ ಅನ್ನುವ ಲೆಕ್ಕ ಮಾತ್ರ. ಅದು ಯಾವ ಕಾಡು ಅನ್ನುವುದು ಅದರಲ್ಲಿಲ್ಲ. ಒಂದು ಹೆಕ್ಟೇರಿನಷ್ಟಿದ್ದರೆ ರಬ್ಬರ್ ತೋಟವೂ ಆ ಲೆಕ್ಕದಲ್ಲಿ ಕಾಡೇ. ಓದುಗರಿಗೆ ಬೇಕಾದ್ದು ಆ ಕಾಡಿನಲ್ಲಿ ಯಾರ ಜೊತೆ ಯಾರಿದ್ದಾರೆ ಅನ್ನೋದು, ಅಲ್ವಾ?

ಅದನ್ನೂ ಹೇಳಿದ್ದೀನಲ್ಲ ಅನ್ನುತ್ತೀರಿ. ಮೂರನೇ ಪುಟ: ‘ಇಲ್ಲಿ ಗುಳಮಾವು, ಧೂಪ, ಹೊಳೆಗೇರು, ರಾಂಪತ್ರೆ, ಬೈನೆ, ಸುರಗಿ ಮುಂತಾದ 31 ಜಾತಿಯ ಮರಗಳಿವೆ.’ ಇದು ಶಾಲೆಯ ಹಾಜರಿ ಪುಸ್ತಕ. ಗುಳಮಾವು ಒಂದಿತ್ತೋ ನೂರಿತ್ತೋ? ಬೈನೆ ದಿಬ್ಬದ ಮೇಲಿತ್ತೋ ನೀರಿನ ಪಕ್ಕದಲ್ಲಿತ್ತೋ? 31 ಹೆಸರು ಓದಿದ ಮೇಲೂ ನನ್ನ ಕಣ್ಣ ಮುಂದೆ ಒಂದು ಮರ ನಿಲ್ಲಲಿಲ್ಲ.

ನಾನೂ ಹೀಗೇ ಬರೆಯುತ್ತಿದ್ದೆ. ಪತ್ರಿಕೆಗೆ ಬರುವ ಮುಂಚೆ ಎರಡು ವರ್ಷ ಒಂದು ಸಸ್ಯ ಸಮೀಕ್ಷೆಯಲ್ಲಿ ಹಗ್ಗ ಹಿಡಿಯುವ ಕೆಲಸ ಮಾಡಿದ್ದೆ. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಚೌಕ ಎಳೆಯುವುದು, ಒಳಗಿನ ಒಂದೊಂದು ಮರದ ಸುತ್ತಳತೆಯನ್ನೂ ಎದೆಮಟ್ಟದಲ್ಲಿ ಟೇಪ್ ಸುತ್ತಿ ಕೂಗುವುದು. ಮೊದಲ ವಾರವೇ ಹೊಳೆಗೇರಿನ ಸೊನೆ ತಾಗಿ ಮುಖ ಕುಂಬಳಕಾಯಿ ಆಯಿತು. ಸಂಜೆ ವರದಿ ಬರೆಯಲು ಕೂತರೆ ‘ದಟ್ಟ ಕಾಡು’ ಅಂತಲೇ ಶುರು. ನಮ್ಮ ಮೇಲಿನವರು ಕೆಂಪು ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತಿದ್ದರು: ‘ದಟ್ಟ ಅಂದರೆ ಎಷ್ಟು?’ ದಿನಾ ಅದೇ ಪ್ರಶ್ನೆ. ಒಂದೊಂದು ಜಾತಿಯ ಮರ ಎಷ್ಟಿವೆ, ಎಷ್ಟು ದಪ್ಪ ಇವೆ, ಎಷ್ಟು ಚೌಕಗಳಲ್ಲಿ ಸಿಕ್ಕಿವೆ, ಈ ಮೂರನ್ನೂ ಕೂಡಿಸಿದ ಮೇಲೇ ಈ ಕಾಡಿನ ಯಜಮಾನ ಯಾರು ಅಂತ ಬಾಯಿಬಿಡಬೇಕು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಘಟ್ಟದ ಕಾಡುಗಳ ನಕ್ಷೆ ಮಾಡಿದಾಗ ಒಂದೊಂದು ಬಗೆಯ ಕಾಡಿಗೂ ಎರಡು ಮೂರು ಮರಗಳ ಹೆಸರನ್ನು ಜೋಡಿಸಿ ಇಟ್ಟರು. ಒಂದಕ್ಕೆ ಗುಳಮಾವು, ಹೊಳೆಗೇರುಗಳ ಕುಲನಾಮವೇ ಇದೆ. 31 ಹೆಸರಿಲ್ಲ, ಮೂರೇ. ಆ ಮೂರನ್ನು ಆರಿಸುವುದರಲ್ಲೇ ಕೆಲಸವೆಲ್ಲ ಇರೋದು.

ನಮಗೆ ಮರದ ಹೆಸರು ಹೇಳಲು ಊರಿನ ಒಬ್ಬ ಅಜ್ಜ ಬರುತ್ತಿದ್ದರು. ಒಂದು ದಿನ ನನ್ನ ಪಟ್ಟಿ ಓದಿಸಿಕೊಂಡು ಕೇಳಿದರು: ‘ತಮಾ, ಇದ್ದ ಮರ ಎಲ್ಲಾ ಬರ್ದೆ. ಇಲ್ಲದ್ದು ಯಾವ್ದು ಅಂತ ಬರ್ದ್ಯಾ?’ ನಾವು ಕೆಸರಿನಲ್ಲಿ ನಿಂತಿದ್ದೆವು. ಹತ್ತು ಹೆಜ್ಜೆ ಮೇಲೆ ದಿಬ್ಬದಲ್ಲಿದ್ದ ಎಷ್ಟೋ ಮರಗಳು ಕೆಳಗೆ ಒಂದೂ ಇರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ.

ನೀವು ನಿಂತಿದ್ದೂ ಅಂಥ ಕೆಸರಿನಲ್ಲೇ. ಅದನ್ನು ‘ಜೌಗು ಪ್ರದೇಶದ ನಿತ್ಯಹರಿದ್ವರ್ಣ ವನ’ ಅಂದಿದ್ದೀರಿ. ಆ ಊರಿನವರ ಬಾಯಲ್ಲಿ ಅದು ರಾಂಪತ್ರೆ ಜಡ್ಡಿ. ಜಡ್ಡಿ ಅಂದರೆ ಜೌಗು ನೆಲ. ಎಂಥ ಒಳ್ಳೆ ಹೆಸರು ನೋಡಿ! ಯಜಮಾನ ಯಾರು, ನೆಲ ಎಂಥದ್ದು, ಎರಡೂ ಅದರಲ್ಲೇ ಇದೆ. ಮುಂದಿನ ಸಾಲಿನಲ್ಲಿ, ಅರಣ್ಯ ತಜ್ಞರಾದ ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಮಾಡಿದ ಭಾರತದ ಕಾಡುಗಳ ವರ್ಗೀಕರಣದಲ್ಲೂ ಇದು ನಿತ್ಯಹರಿದ್ವರ್ಣ ಅಂತ ಬರೆದಿದ್ದೀರಿ. ತಪ್ಪು. ಅವರು ರಾಂಪತ್ರೆ ಜಡ್ಡಿಯನ್ನು ಆ ಗುಂಪಿನಿಂದ ಹೊರಗಿಟ್ಟಿದ್ದಾರೆ. ಅದು ನಾಲ್ಕನೇ ಗುಂಪಿನಲ್ಲಿದೆ, ಕಡಲಂಚಿನ ಮತ್ತು ಜೌಗಿನ ಕಾಡುಗಳ ಜೊತೆ. ಅಂದರೆ ನಿಮ್ಮ ಮೊದಲ ಪುಟದ ಕಾಂಡ್ಲಾ ಗಿಡಗಳ ಜೊತೆ!

ಇದನ್ನು ನೀವು ನೋಡದೆ ಹೋದಿರಲ್ಲ ಅಂತಲೇ ನನ್ನ ಸಂಕಟ. ಹೊನ್ನಾವರದಲ್ಲಿ ‘ಕೆಸರಿನಿಂದ ಮೇಲೆದ್ದ ಬೇರುಗಳು’ ಅಂತ ಚೆನ್ನಾಗಿ ಬರೆದಿರಿ. ಕತ್ತಲೆಕಾನಿನಲ್ಲಿ ‘ವಿಚಿತ್ರ ಆಕಾರದ ಬೇರುಗಳು’ ಅಂದಿರಿ. ವಿಚಿತ್ರ ಏನಿಲ್ಲ. ನೀರು ನಿಂತ ಕೆಸರಿನೊಳಗೆ ಗಾಳಿ ಇರಲ್ಲ. ಬೇರು ಉಸಿರಾಡಬೇಕಾದರೆ ಮೇಲೆ ಬರಲೇಬೇಕು. ಜಡ್ಡಿಯಲ್ಲಿ ರಾಂಪತ್ರೆ ಕುಟುಂಬದ ಒಂದು ಮರ ಮಂಡಿ ಮಡಿಸಿದ ಹಾಗೆ ಬೇರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಡುತ್ತದೆ. ಅದರ ಹೆಸರು ಜಿಮ್ನಕ್ರಾಂಥೆರಾ ಕೆನರಿಕಾ. ಕೆನರಿಕಾ ಅಂದರೆ ನಮ್ಮ ಕೆನರಾದ್ದೇ. ಅದರ ದಾಯಾದಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಕಾಂಡದ ಬುಡದಿಂದ ಊರುಗೋಲಿನಂಥ ಬೇರು ಇಳಿಸುತ್ತದೆ. ಉಪ್ಪುನೀರಿನ ಕಾಂಡ್ಲಾಕ್ಕೂ ಘಟ್ಟದ ಸಿಹಿನೀರಿನ ಜಡ್ಡಿಗೂ ಒಂದೇ ಕಷ್ಟ, ಹೆಚ್ಚುಕಮ್ಮಿ ಒಂದೇ ಉಪಾಯ. ನಿಮ್ಮ ಲೇಖನದ ಬೆನ್ನೆಲುಬು ಇದೇ ಆಗಬೇಕಿತ್ತು. ಎರಡು ತುದಿಯೂ ಕೈಯಲ್ಲಿತ್ತು, ಗಂಟು ಹಾಕಲಿಲ್ಲ.

ಇನ್ನೊಂದು ಸಾಲು ಬಿಡಲಾರೆ: ‘ಬಯಲುಸೀಮೆಯಲ್ಲಿ ಕಣ್ಣಿಗೆ ಬೀಳುವುದು ಬರೀ ಮುಳ್ಳುಪೊದೆಯ ಪಾಳು ನೆಲ, ಕಾಡು ಸತ್ತ ಜಾಗ.’ ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ. ಅದೇ 1968ರ ಪುಸ್ತಕದಲ್ಲಿ ದಕ್ಷಿಣದ ಮುಳ್ಳು ಕುರುಚಲಿಗೆ ‘ಡಿಎಸ್’ ಅನ್ನುವ ಗುರುತಿದೆ, ಕೆಟ್ಟ ಹಂತ ಅಂತ ಅರ್ಥ. ಸರ್ಕಾರದ ಬಂಜರು ಭೂಮಿ ನಕ್ಷೆಗಳಲ್ಲೂ ಕುರುಚಲಿಗೆ ಜಾಗವಿದೆ. ಕೆಲವು ಕಡೆ ಅದು ನಿಜವೂ ಹೌದು. ಪೊದೆಯ ನಡುವೆ ಕಮರ, ದಿಂಡಿಗದ ಕಡಿದ ಬೊಡ್ಡೆಗಳು ಚಿಗುರುತ್ತಿದ್ದರೆ ಅಲ್ಲೊಂದು ಕಾಡಿತ್ತು, ಯಾರೋ ಕಡಿದಿದ್ದಾರೆ. ಆದರೆ ತೆಳು ಮಣ್ಣು, ಬಂಡೆ, ಕಮ್ಮಿ ಮಳೆ ಇರುವ ಕಡೆ ಕಾರೆ, ಕವಳೆ, ಬಂದರಿಕೆಗಳೇ ಅಲ್ಲಿನ ಮೂಲ ಒಕ್ಕಲು. ನೀವು ಬೊಡ್ಡೆ ಹುಡುಕಿದಿರಾ? ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ನೋಡಿ ಖುಷಿಪಟ್ಟು ಅರ್ಧ ಪುಟ ಬರೆದಿದ್ದೀರಿ. ಅದು ಬಯಲಿನಲ್ಲಿ ಓಡಿ ಬದುಕುವ ಪ್ರಾಣಿ ಮಾರಾಯ್ರೆ. ಪಾಳು ಅಂದುಕೊಂಡು ಅಲ್ಲೆಲ್ಲ ನೀಲಗಿರಿ ನೆಟ್ಟರೆ ಅದು ಎಲ್ಲಿಗೆ ಹೋಗಬೇಕು? ನೆಟ್ಟೂ ಆಗಿದೆ ಅಲ್ಲಿ, ನೀಲಗಿರಿ ಸಾಲುಗಳ ಫೋಟೋ ನೀವೇ ಕಳಿಸಿದ್ದೀರಿ. ಕೆಳಗೆ ‘ಹಸಿರು ಮರಳುತ್ತಿದೆ’ ಅಂತ ಬರೆದಿದ್ದೀರಿ. ಅದನ್ನು ಮಾತ್ರ ನಾನು ಅಚ್ಚು ಹಾಕಲ್ಲ.

ಉಳಿದದ್ದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಕತ್ತಲೆಕಾನಿಗೆ ಇನ್ನೊಮ್ಮೆ ಹೋಗಿ. ಹಗ್ಗ ಬೇಡ, ಜಡ್ಡಿಯಲ್ಲಿ ಒಂದು ಗಂಟೆ ಸುಮ್ನೆ ನಿಂತು ಸುತ್ತಲಿನ ಇಪ್ಪತ್ತು ಮರ ಎಣಿಸಿ. ಆಮೇಲೆ ಹತ್ತು ಹೆಜ್ಜೆ ದಿಬ್ಬ ಹತ್ತಿ ಮತ್ತೆ ಇಪ್ಪತ್ತು ಎಣಿಸಿ. ಎರಡು ಪಟ್ಟಿ ಅಕ್ಕಪಕ್ಕ ಇಟ್ಟು ನನಗೆ ಕಳಿಸಿ, ಲೇಖನ ಆಮೇಲೆ ಬರೆದರಾಯ್ತು. ಮಳೆ ಹಿಡಿಯುವ ಮುಂಚೆ ಹೋಗಿ. ಜೂನ್ ದಾಟಿದರೆ ಉಂಬಳಗಳು ನಿಮ್ಮನ್ನು ಎಣಿಸುತ್ತವೆ.

ಇಂತಿ,
ಸಂಪಾದಕ