ಪ್ರತಿಕ್ರಿಯೆ: ಮಾದರಿ ರೈಲಿನ ದೀಪದ ಕಂಬಕ್ಕೆ ಎಲ್‌ಇಡಿ

ನಿಮ್ಮ ಮಾದರಿ ರೈಲು ನಿಲ್ದಾಣದ ದೀಪದ ಕಂಬದಲ್ಲಿ ಸುಟ್ಟುಹೋದ 16 ವೋಲ್ಟ್ ಬಲ್ಬಿನ ಜಾಗಕ್ಕೆ ಎಲ್‌ಇಡಿಯನ್ನು ನೇರವಾಗಿ ಹಾಕಬಹುದಾ ಎಂದು ಕೇಳಿದ್ದೀರಿ. ಬೇಡ, ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಮೊದಲು ಬಲ್ಬೇ ಹೋಗಿದೆಯಾ ಎಂದು ಮಲ್ಟಿಮೀಟರ್‌ನಲ್ಲಿ (ವಿದ್ಯುತ್ ಅಳೆಯುವ ಮೀಟರ್) ನೋಡಿ. ಎಷ್ಟೋ ಸಲ ಕಂಬದ ಬುಡದಲ್ಲಿ ತಂತಿ ತುಂಡಾಗಿರುತ್ತದೆ, ಪಾಪ ಬಲ್ಬಿನ ತಪ್ಪೇ ಇರುವುದಿಲ್ಲ.

ನಿಮ್ಮದು 16 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಾಗುತ್ತಲೇ ಇರುವ ಕರೆಂಟ್, ಅಂದಿರಿ. ಅದರ ತುತ್ತತುದಿ ಸುಮಾರು 22 ವೋಲ್ಟ್ ಮುಟ್ಟುತ್ತದೆ. ಬಿಳಿ ಎಲ್‌ಇಡಿಗೆ ಬೇಕಿರುವುದು 3 ವೋಲ್ಟ್ ಆಸುಪಾಸು. ಉಲ್ಟಾ ದಿಕ್ಕಿನಲ್ಲಂತೂ ಸಾಮಾನ್ಯವಾಗಿ 5 ವೋಲ್ಟ್‌ಗಿಂತ ಜಾಸ್ತಿ ಕೊಡಬಾರದು. ಹಾಗಾಗಿ ಒಂದು ಸಣ್ಣ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಒಂದೇ ದಿಕ್ಕಿಗೆ ತಿರುಗಿಸುವ ಭಾಗ), 2.2 ಕಿಲೋ ಓಮ್ ರೆಸಿಸ್ಟರ್ (ಕರೆಂಟನ್ನು ಮಿತಿಯಲ್ಲಿಡುವ ಭಾಗ) ಹಾಕಿ. ರೆಕ್ಟಿಫೈಯರ್ ಬದಲು ಒಂದೇ ಡಯೋಡ್ (ಕರೆಂಟನ್ನು ಒಂದು ದಿಕ್ಕಿಗೆ ಮಾತ್ರ ಬಿಡುವ ಭಾಗ) ಇದ್ದರೂ ನಡೆಯುತ್ತದೆ, ಆದರೆ ಬೆಳಕು ಮಿಣುಕುತ್ತದೆ. ನನಗಂತೂ ಅದು ಕಣ್ಣಿಗೆ ಕಿರಿಕಿರಿ. ಇನ್ನೂ ಮಂದ ಬೆಳಕು ಬೇಕಿದ್ದರೆ ಇನ್ನೂ ಹೆಚ್ಚು ಓಮ್‌ನ ರೆಸಿಸ್ಟರ್ ಹಾಕಿ. ಹಳೇ ಕಾಲದ ನಿಲ್ದಾಣ ಅಲ್ವಾ, ಹಳದಿ ಛಾಯೆಯ ವಾರ್ಮ್ ವೈಟ್ ಎಲ್‌ಇಡಿಯೇ ಚೆಂದ. ರೆಕ್ಟಿಫೈಯರ್, ರೆಸಿಸ್ಟರ್ ಎರಡನ್ನೂ ಮಾದರಿ ಕೂರಿಸಿದ ಬೋರ್ಡಿನ ಅಡಿಯಲ್ಲೇ ಇಡಿ, ಕಂಬದೊಳಗೆ ತುರುಕಬೇಡಿ.

ಹಳೇ ತಂತಿಯನ್ನು ಸುಮ್ನೆ ಎಳೆದು ಬಿಸಾಡಬೇಡಿ. ಅದರ ತುದಿಗೆ ಹೊಸ ಸಣ್ಣ ಎನಾಮೆಲ್ ತಂತಿ (ಮೇಲೆ ತೆಳು ಲೇಪವಿರುವ ತಂತಿ) ಬೆಸೆದು ನಿಧಾನಕ್ಕೆ ಎಳೆದರೆ ಕಂಬದ ಕೊಳವೆಯೊಳಗೆ ತಾನೇ ಬರುತ್ತದೆ. ಕೆಲವು ಕಂಬಗಳಲ್ಲಿ ಹಿತ್ತಾಳೆಯ ಕೊಳವೆಯೇ ಎರಡನೇ ತಂತಿಯ ಕೆಲಸ ಮಾಡುತ್ತದೆ. ನಿಮ್ಮದರಲ್ಲಿ ಒಂದೇ ತಂತಿ ಹೊರಬಂದಿದ್ದರೆ ಹಾಗೇ ಇರಬೇಕು. ಆಗ ಎಲ್‌ಇಡಿಯ ಒಂದು ಕಾಲನ್ನು ಕೊಳವೆಗೇ ಬೆಸೆಯಿರಿ, ಇನ್ನೊಂದಕ್ಕೆ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕವಚ) ಹಾಕಿ. ಪವರ್ ಆಫ್ ಮಾಡಿಯೇ ಕೈ ಹಾಕಿ.