ಮೊದಲು ರಿಕ್‌ವುಡ್ ನೋಡಿ ಬನ್ನಿ

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಬಂದು ಮೂರು ತಿಂಗಳಾಯಿತು, ಹೊರವಲಯದ ಹೂವರ್‌ನಲ್ಲಿ ಬಾಡಿಗೆ ಮನೆ, ಕಚೇರಿ ಮತ್ತು ದಿನಸಿ ಅಂಗಡಿ ಬಿಟ್ಟರೆ ಬೇರೇನೂ ಕಂಡಿಲ್ಲ, ಈ ಊರಿನಲ್ಲಿ ಹಳೆಯದು ಎಂಬುದೇ ಇಲ್ಲವೇ ಎಂದು ಕೇಳಿದ್ದೀರಿ. ಕಚೇರಿಯವರು ಬೇಸ್‌ಬಾಲ್ ಮಾತೆತ್ತಿದರೆ ಸುಮ್ಮನೆ ನಗುತ್ತೇನೆ ಎಂದೂ ಬರೆದಿದ್ದೀರಿ. ನಾನೂ ಏಳು ವರ್ಷ ಹಾಗೆಯೇ ನಕ್ಕವನು. ಎರಡಕ್ಕೂ ನನ್ನ ಉತ್ತರ ಒಂದೇ: ರಿಕ್‌ವುಡ್ ಫೀಲ್ಡ್ ಎಂಬ ಹಳೆಯ ಬೇಸ್‌ಬಾಲ್ ಮೈದಾನವನ್ನು ನೋಡಿ ಬನ್ನಿ.

ನಾನು ಭದ್ರಾವತಿಯವನು. ಅದಿರು, ಕುಲುಮೆ, ಪಾಳಿಯ ಸೈರನ್ ನಡುವೆ ಬೆಳೆದವನು. 1871ರಲ್ಲಿ ಹುಟ್ಟಿದ ಈ ಊರನ್ನು ಸಾಕಿದ್ದೂ ಕಬ್ಬಿಣವೇ. ಕಬ್ಬಿಣದಲ್ಲಿ ಹಣ ಮಾಡಿದ ಮನೆತನದ ರಿಕ್ ವುಡ್‌ವರ್ಡ್ ಎಂಬಾತ ಊರಿನ ಮೈನರ್ ಲೀಗ್ ತಂಡವಾದ ಬ್ಯಾರನ್ಸ್ ಅನ್ನು ಕೊಂಡು, ಅದಕ್ಕಾಗಿ ಕಟ್ಟಿಸಿದ ಈ ಮೈದಾನವನ್ನು 1910ರ ಆಗಸ್ಟ್ 18ರಂದು ತೆರೆದ. ತನ್ನ ಹೆಸರನ್ನೇ ಕತ್ತರಿಸಿ ಅಂಟಿಸಿದ್ದಾನೆ, ಗಮನಿಸಿ. ಮೈನರ್ ಲೀಗ್ ಎಂದರೆ ದೊಡ್ಡ ತಂಡಗಳಿಗೆ ಹುಡುಗರನ್ನು ಪಳಗಿಸುವ ಗರಡಿ; ಅಂಥ ಗರಡಿಗೆ ಉಕ್ಕು, ಕಾಂಕ್ರೀಟು ಸುರಿದದ್ದು ಆ ಕಾಲಕ್ಕೆ ಜಂಬವೇ ಸರಿ. ಆ ಜಂಬದಿಂದಲೇ ಅದು ಉಳಿಯಿತು. ಬಾಸ್ಟನ್‌ನ ಫೆನ್‌ವೇ 1912ರದು, ಶಿಕಾಗೋದ ರಿಗ್ಲಿ 1914ರದು. ಈ ದೇಶದಲ್ಲಿ ಇನ್ನೂ ನಿಂತಿರುವ ವೃತ್ತಿಪರ ಬೇಸ್‌ಬಾಲ್ ಮೈದಾನಗಳಲ್ಲಿ ಎಲ್ಲಕ್ಕಿಂತ ಹಳೆಯದು ನಿಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದೆ.

ಆದರೆ ಹಳೆಯದು ಎಂಬ ಕಾರಣಕ್ಕೆ ಹೋಗಿ ಎನ್ನುತ್ತಿಲ್ಲ. ಬಿಳಿಯರ ಬ್ಯಾರನ್ಸ್ ಆಡುವಾಗ ಕಪ್ಪು ವರ್ಣೀಯರು ಬಲ ಮೂಲೆಯ ಬೆಂಚುಗಳಲ್ಲೇ ಕೂರಬೇಕಿತ್ತು. ಆ ತಂಡ ಪರ ಊರಿಗೆ ಹೋದಾಗ ಅದೇ ಹುಲ್ಲಿನ ಮೇಲೆ ಕಪ್ಪು ವರ್ಣೀಯರ ತಂಡವಾದ ಬ್ಲ್ಯಾಕ್ ಬ್ಯಾರನ್ಸ್ ಆಡುತ್ತಿತ್ತು. ಅದರ ಆಟಗಾರರಲ್ಲಿ ಎಷ್ಟೋ ಮಂದಿ ಕಾರ್ಖಾನೆ ತಂಡಗಳಲ್ಲಿ ಆಡಿ ಬಂದವರು. 1948ರಲ್ಲಿ ತಂಡದ ಮ್ಯಾನೇಜರ್ ಆಗಿದ್ದ ಪೈಪರ್ ಡೇವಿಸ್ ಹಿಂದೆ ಕಬ್ಬಿಣದ ಕೊಳವೆ ಕಾರ್ಖಾನೆಯ ತಂಡದಲ್ಲಿದ್ದವರು. ಕಾರ್ಖಾನೆ ಮೈದಾನದಲ್ಲಿ ಕ್ರಿಕೆಟ್ ನೋಡುತ್ತ ಬೆಳೆದ ನನಗೆ ಇದು ಓದಿದ ಕೂಡಲೇ ಒಳಗಿಳಿಯಿತು. ಅದೇ ವರ್ಷ ಆ ತಂಡ ಸೇರಿದ ಹೈಸ್ಕೂಲು ಹುಡುಗ ವಿಲ್ಲಿ ಮೇಸ್, ಮುಂದೆ 660 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದವರು. ಅವರ ತಂದೆಯೂ ಕಾರ್ಖಾನೆ ತಂಡದಲ್ಲಿ ಆಡಿದವರೇ.

1950ರಲ್ಲಿ ನಗರಸಭೆ ಮಾಡಿದ ಕಾನೂನೊಂದಿತ್ತು: ಬಿಳಿಯರೂ ಕಪ್ಪು ವರ್ಣೀಯರೂ ಜೊತೆಯಾಗಿ ಇಸ್ಪೀಟು ಆಡುವಂತಿಲ್ಲ, ದಾಳ ಹಾಕುವಂತಿಲ್ಲ, ಬೇಸ್‌ಬಾಲ್ ಅಂತೂ ಕೂಡದು. ಇಸ್ಪೀಟಿನ ಮನೆಗೂ ಕಾವಲು! 1961ರ ನಂತರ ಬ್ಯಾರನ್ಸ್ ಆಡುತ್ತಿದ್ದ ಲೀಗೇ ಮುಚ್ಚಿತು, ಎರಡು ವರ್ಷ ಬ್ಯಾರನ್ಸ್ ಇರಲಿಲ್ಲ. 1964ರಲ್ಲಿ ಎರಡೂ ಬಣ್ಣದ ಆಟಗಾರರಿದ್ದ ತಂಡ ರಿಕ್‌ವುಡ್‌ನಲ್ಲಿ ಇಳಿಯಿತು.

ಇನ್ನು ನಿಮ್ಮ ಹೂವರ್. 1987ರ ಋತು ಮುಗಿಸಿ ಬ್ಯಾರನ್ಸ್ ಮೈದಾನ ಬಿಟ್ಟು ಹೋದದ್ದು ಅಲ್ಲಿಗೇ. ಉಳ್ಳವರು ನಗರ ಬಿಟ್ಟು ಹೊರವಲಯ ಸೇರಿದ ದಾರಿಯಲ್ಲೇ ತಂಡವೂ ಹೋಯಿತು. ಒಳ್ಳೆಯ ಶಾಲೆ ಹುಡುಕಿಕೊಂಡು ನಾವೂ ಅಲ್ಲಿಗೇ ಬಂದು, ಊರಿನಲ್ಲಿ ಏನೂ ಇಲ್ಲ ಎಂದೆವು. 2013ರಲ್ಲಿ ತಂಡ ನಗರದ ನಡುವಿನ ಹೊಸ ಮೈದಾನಕ್ಕೆ ಮರಳಿತು. ನಾವಿನ್ನೂ ಮರಳಿಲ್ಲ. ರಿಕ್‌ವುಡ್ ಪಾಳುಬೀಳದಂತೆ ಸ್ಥಳೀಯರೇ 1992ರಲ್ಲಿ ಸಂಘ ಕಟ್ಟಿ ನೋಡಿಕೊಂಡರು.

2024ರ ಜೂನ್ 20ರಂದು ದೊಡ್ಡ ತಂಡಗಳ ಮೇಜರ್ ಲೀಗ್ ರಿಕ್‌ವುಡ್‌ನಲ್ಲಿ ಪಂದ್ಯ ಇಟ್ಟಿತು. ಅದಕ್ಕೆ ಎರಡು ದಿನ ಮೊದಲು ಮೇಸ್ ತೀರಿಕೊಂಡಿದ್ದರು. ನನಗೆ ಟಿಕೆಟ್ ಸಿಗಲಿಲ್ಲ; ಮನೆಯಲ್ಲೇ ಕುಳಿತು ನೋಡಿದೆ. ಮರುದಿನ ಕಚೇರಿಯಲ್ಲಿ ಮೊದಲ ಸಲ ಆ ಮಾತನ್ನು ನಾನೇ ಎತ್ತಿದೆ. ಪಕ್ಕದ ಮೇಜಿನ ಹಿರಿಯರು, ಎಂಟು ವರ್ಷದಲ್ಲಿ ಹವಾಮಾನ ಬಿಟ್ಟು ಬೇರೇನೂ ಆಡದಿದ್ದವರು, ತಮ್ಮ ಅಜ್ಜ ಕೂರುತ್ತಿದ್ದ ಬೆಂಚಿನ ಕಥೆ ಹೇಳಿದರು.

ಗೇಟು ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಜೊತೆ ಬೇಕಿದ್ದರೆ ನಾನು ಬರುತ್ತೇನೆ. ಆಟದ ನಿಯಮಗಳನ್ನು ಕಾರಿನಲ್ಲೇ ಹೇಳಿಬಿಡುತ್ತೇನೆ. ಎಲ್‌ಬಿಡಬ್ಲ್ಯೂ ಅರ್ಥವಾದವರಿಗೆ ಅದು ಯಾವ ಲೆಕ್ಕ.